ಧೈರ್ಯ ಯಾರದು, ಅಪಾಯ ಯಾರಿಗೆ?

ಯಾವ ನಾಯಕರು ನಿಮಗೆ ಇಷ್ಟ, ಯಾಕೆ ಇಷ್ಟ ಎಂದು ಕೇಳಿದರೆ ನಿಮ್ಮಲ್ಲಿ ಬಹಳ ಮಂದಿ ಥಟ್ಟನೆ ಕೊಡುವ ಉತ್ತರ ಒಂದೇ: “ಅವರಿಗೆ ಧೈರ್ಯ ಇದೆ.” ಒಳ್ಳೆಯದು. ದೇಶ ನಡೆಸುವವರಿಗೆ ಧೈರ್ಯ ಬೇಕೇ ಬೇಕು. ಅಂಜುಬುರುಕರ ಕೈಗೆ ಅಧಿಕಾರ ಕೊಟ್ಟರೆ ಕಡತಗಳು ಮೇಜಿನಿಂದ ಮೇಜಿಗೆ ಓಡಾಡುತ್ತವೆಯೇ ಹೊರತು ಕೆಲಸ ಮುಂದಕ್ಕೆ ಹೋಗುವುದಿಲ್ಲ. ಆದರೆ ಆ ಧೈರ್ಯವನ್ನು ಎಲ್ಲಿ ಕಂಡಿರಿ ಎಂದು ಕೇಳಿದ ಕೂಡಲೇ ಮೊಬೈಲು ತೆಗೆದು ಅರ್ಧ ನಿಮಿಷದ ವಿಡಿಯೊ ತೋರಿಸುತ್ತೀರಲ್ಲ, ಅದು ನನಗೆ ಹಿಡಿಸುವುದಿಲ್ಲ. ಮೇಜು ಕುಟ್ಟಿದ್ದು, ಎದುರಾಳಿಯನ್ನು ಏಕವಚನದಲ್ಲಿ ಬೈದದ್ದು, ಹಿಂದೆ ಡೋಲಿನ ಸದ್ದು. ಇಷ್ಟು ನೋಡಿ ‘ಗಂಡೆದೆ’ ಎಂದು ತೀರ್ಪು ಕೊಟ್ಟು, ಅದನ್ನೇ ಇನ್ನೂ ಐವತ್ತು ಜನಕ್ಕೆ ಕಳಿಸಿಬಿಡುತ್ತೀರಿ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ತಿರುಗಿಸಿ ಹುಳುಕು ಹುಡುಕುವವರು ನೀವು. ನಾಯಕರನ್ನು ಆರಿಸುವಾಗ ಮಾತ್ರ ಇಷ್ಟು ಉದಾಸೀನವೇ?

ಅದಕ್ಕೇ ಹತ್ತು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳದೆ ಕೇಳಿ. ನಾಯಕರ ಧೈರ್ಯ ಅಳೆಯುವುದಕ್ಕೆ ಒಂದು ಪ್ರಶ್ನೆಯನ್ನು ಕೈಯಲ್ಲಿ ಇಟ್ಟುಕೊಳ್ಳಿ. ಅವರು ತೆಗೆದುಕೊಂಡ ಅಪಾಯದಲ್ಲಿ ಅವರ ಪಾಲೆಷ್ಟು, ಬೇರೆಯವರ ಪಾಲೆಷ್ಟು? ತನ್ನ ಕುರ್ಚಿ, ತನ್ನ ಹೆಸರು, ತನ್ನ ಜೀವ ಪಣಕ್ಕಿಟ್ಟು ಹೆಜ್ಜೆ ಇಡುವುದು ಎದೆಗಾರಿಕೆ. ಜನರ ಅನ್ನ, ಜನರ ಮಕ್ಕಳು, ಜನರ ಉಳಿತಾಯ ಪಣಕ್ಕಿಟ್ಟು ಚಪ್ಪಾಳೆಯನ್ನು ಮಾತ್ರ ತಾನು ಗಿಟ್ಟಿಸುವುದು ಭಂಡಧೈರ್ಯ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎಂದು ಹಿರಿಯರು ಹೇಳಿದ್ದು ಇಂಥದಕ್ಕೇ. ಈ ಪ್ರಶ್ನೆ ಕೇಳುವ ರೂಢಿ ಮಾಡಿಕೊಂಡರೆ ಮುಕ್ಕಾಲು ಪಾಲು ಮೋಸ ತಪ್ಪುತ್ತದೆ.

ಮೊದಲನೆಯ ಮಾತು. ಗಂಟಲನ್ನು ನೋಡಿ ಧೈರ್ಯ ಲೆಕ್ಕ ಹಾಕಬೇಡಿ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ನಿಮಗೆ ಗೊತ್ತೇ ಇದೆ. ಅಂತಃಪುರದಲ್ಲಿ ಕುಳಿತು ಕೌರವ ಸೈನ್ಯವನ್ನು ಬಾಯಲ್ಲೇ ಮುಗಿಸಿದ ರಾಜಕುಮಾರ ರಣರಂಗ ಕಂಡ ಕೂಡಲೇ ರಥದಿಂದ ಹಾರಿ ಓಡಿದ. ಈಗ ಲಾಲ್ ಬಹಾದ್ದೂರ್ ಶಾಸ್ತ್ರಿಯವರನ್ನು ನೆನೆಸಿಕೊಳ್ಳಿ. ಗಿಡ್ಡ ಆಳು, ಮೆದು ಮಾತು. 1964ರ ಜೂನ್‌ನಲ್ಲಿ ಅವರು ಪ್ರಧಾನಿಯಾದಾಗ ಇವರಿಂದ ಏನಾದೀತು ಎಂದು ಅನುಮಾನಪಟ್ಟವರು ದೇಶದ ಒಳಗೂ ಇದ್ದರು, ಹೊರಗೂ ಇದ್ದರು. ಆದರೆ ಅವರ ಎದೆಗಾರಿಕೆ ಎಂಟು ವರ್ಷ ಮೊದಲೇ ತೋರಿತ್ತು. 1956ರಲ್ಲಿ ರೈಲ್ವೆ ಮಂತ್ರಿಯಾಗಿದ್ದಾಗ ಮೆಹಬೂಬ್‌ನಗರದ ಹತ್ತಿರ ರೈಲು ಅಪಘಾತವಾಯಿತು. ಶಾಸ್ತ್ರಿ ರಾಜೀನಾಮೆ ಕೊಟ್ಟರು, ನೆಹರೂ ಒಪ್ಪಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ತಮಿಳುನಾಡಿನ ಅರಿಯಲೂರಿನ ಬಳಿ ಇನ್ನೊಂದು ದುರಂತವಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಈ ಸಲ ಶಾಸ್ತ್ರಿ ಹಟ ಹಿಡಿದು ಹೊರಗೆ ಬಂದರು. ಹಳಿ ಕಿತ್ತವರು ಅವರಲ್ಲ, ಎಂಜಿನ್ ಓಡಿಸಿದವರೂ ಅವರಲ್ಲ. ಆದರೂ ಹೊಣೆ ನನ್ನದು ಎಂದರು. ಕೆಳಗಿನ ಸಣ್ಣ ಅಧಿಕಾರಿಯೊಬ್ಬನನ್ನು ಅಮಾನತು ಮಾಡಿ ಕೈ ತೊಳೆದುಕೊಳ್ಳುವುದನ್ನೇ ದಿಟ್ಟ ಕ್ರಮ ಎಂದು ಕರೆಯುವ ಈ ಕಾಲದಲ್ಲಿ ಇದನ್ನು ನೀವು ನಿಮ್ಮ ಮಕ್ಕಳಿಗೆ ಹೇಳಲೇಬೇಕು.

ಎರಡನೆಯ ಮಾತು. ನಾಯಕರು ನಿಮ್ಮಿಂದ ತ್ಯಾಗ ಕೇಳಿದರೆ, ಅವರು ಮೊದಲು ಏನು ಬಿಟ್ಟರು ಎಂದು ನೋಡಿ. 1965ರಲ್ಲಿ ಒಂದು ಕಡೆ ಪಾಕಿಸ್ತಾನದ ಜೊತೆ ಯುದ್ಧ, ಇನ್ನೊಂದು ಕಡೆ ಮಳೆ ಕೈಕೊಟ್ಟ ಬರ. ಅಮೆರಿಕದಿಂದ ಪಿ.ಎಲ್. 480 ಒಪ್ಪಂದದಡಿ ಬರುತ್ತಿದ್ದ ಗೋಧಿಯೇ ಊಟಕ್ಕೆ ಆಧಾರ. ಹಡಗು ಬಂದರಿಗೆ ಮುಟ್ಟಿದರೆ ಊಟ, ಇಲ್ಲದಿದ್ದರೆ ಇಲ್ಲ ಎನ್ನುವ ಸ್ಥಿತಿ. ಆ ಗೋಧಿಯನ್ನು ಕೊಡುತ್ತಾ ಕೊಡುತ್ತಾ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಹಗ್ಗ ಬಿಗಿ ಮಾಡುತ್ತಿದ್ದರು. ಆಗ ಶಾಸ್ತ್ರಿ ಜನರಿಗೆ ವಾರಕ್ಕೊಂದು ಹೊತ್ತು, ಸೋಮವಾರ ರಾತ್ರಿಯ ಊಟ ಬಿಡಿ ಎಂದು ಕೇಳಿಕೊಂಡರು. ಕೇಳುವ ಮೊದಲು ಅವರ ಮನೆಯಲ್ಲೇ ಒಂದು ಸಂಜೆ ಒಲೆ ಹಚ್ಚಲಿಲ್ಲ, ಮಕ್ಕಳು ಹಸಿವು ತಡೆಯಬಲ್ಲರೇ ಎಂದು ನೋಡಿಕೊಂಡೇ ದೇಶದ ಮುಂದೆ ಮಾತಾಡಿದರು ಎಂದು ಅವರ ಮನೆಯವರು ಹೇಳಿಕೊಂಡಿದ್ದಾರೆ. ಆಮೇಲೆ ಎಷ್ಟೋ ಊರುಗಳಲ್ಲಿ ಸೋಮವಾರ ಸಂಜೆ ಹೋಟೆಲುಗಳೂ ಬಾಗಿಲು ಹಾಕಿದವು. ಯಾರೂ ಪೊಲೀಸರನ್ನು ಕಳಿಸಲಿಲ್ಲ. ತಾನು ಉಪವಾಸ ಇದ್ದು ಕೇಳಿದವರಿಗೆ ಇಲ್ಲ ಎನ್ನಲು ಜನಕ್ಕೆ ಬಾಯಿ ಬರಲಿಲ್ಲ, ಅಷ್ಟೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುವ ಪೈಕಿಯವರು ಹೀಗೆ ಕೇಳಿದ್ದರೆ ಒಂದು ಹೋಟೆಲೂ ಮುಚ್ಚುತ್ತಿರಲಿಲ್ಲ.

ಮೂರನೆಯ ಮಾತು ಎಲ್ಲಕ್ಕಿಂತ ಮುಖ್ಯ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಧೈರ್ಯ ಇದ್ದವರು ತಯಾರಿ ಮಾಡುತ್ತಾರೆ. ಕಣ್ಣು ಮುಚ್ಚಿ ಹಾರುವುದನ್ನು ಧೈರ್ಯ ಎಂದು ನೀವು ಕೊಂಡಾಡಬೇಡಿ. ಶಾಸ್ತ್ರಿಯವರು ತಮಿಳುನಾಡಿನ ಸಿ. ಸುಬ್ರಹ್ಮಣ್ಯಂ ಅವರಿಗೆ ಆಹಾರ ಮತ್ತು ಕೃಷಿ ಖಾತೆ ಕೊಟ್ಟರು. ಅವರು ಅದುವರೆಗೆ ಉಕ್ಕಿನ ಖಾತೆ ನೋಡಿಕೊಂಡಿದ್ದವರು. ಕೃಷಿ ಖಾತೆ ಆಗ ಯಾರಿಗೂ ಬೇಡವಾಗಿತ್ತು, ಅದನ್ನು ಹಿಡಿದರೆ ಕೆಟ್ಟ ಹೆಸರು ಗ್ಯಾರಂಟಿ ಎನ್ನುತ್ತಿದ್ದರು. ಸುಬ್ರಹ್ಮಣ್ಯಂ ಹಿಡಿದರು. ಹಿಡಿದವರು ಮೊದಲು ವಿಜ್ಞಾನಿಗಳನ್ನು ಕೂರಿಸಿಕೊಂಡು ಕೇಳಿದರು. ವಿಜ್ಞಾನಿಗಳು ಹೇಳಿದ್ದು ಇಷ್ಟು: ನಮ್ಮ ನಾಡತಳಿ ಗೋಧಿ ಎತ್ತರಕ್ಕೆ ಬೆಳೆಯುತ್ತದೆ, ಗೊಬ್ಬರ ಹೆಚ್ಚು ಕೊಟ್ಟರೆ ತೆನೆಯ ಭಾರಕ್ಕೆ ಮಲಗಿಬಿಡುತ್ತದೆ. ಮೆಕ್ಸಿಕೊದಲ್ಲಿ ನಾರ್ಮನ್ ಬೋರ್ಲಾಗ್ ಎಂಬ ವಿಜ್ಞಾನಿ ಬೆಳೆಸಿದ ಗಿಡ್ಡ ತಳಿ ಮಲಗುವುದಿಲ್ಲ, ಗೊಬ್ಬರ ನೀರು ಕೊಟ್ಟಷ್ಟೂ ಇಳುವರಿ ಕೊಡುತ್ತದೆ. ಎಂ.ಎಸ್. ಸ್ವಾಮಿನಾಥನ್ ಮೊದಲಾದವರು ಅದನ್ನು ಇಲ್ಲಿನ ಪ್ರಯೋಗದ ತಾಕುಗಳಲ್ಲಿ ಬೆಳೆದು ನೋಡಿದ್ದರು.

ಹಾಗೆಂದು ಒಂದೇ ಸಲಕ್ಕೆ ಕೋಟಿ ಸುರಿಯಲಿಲ್ಲ. ಮೊದಲು ತಾಕು. ಆಮೇಲೆ 1965ರಲ್ಲಿ ಸುಮಾರು 250 ಟನ್ ಬೀಜ ತರಿಸಿ ರೈತರ ಹೊಲಗಳಲ್ಲೇ ಪ್ರಾತ್ಯಕ್ಷಿಕೆ. ಅದು ಗೆದ್ದ ಮೇಲೆ 1966ರಲ್ಲಿ 18,000 ಟನ್. ಅಷ್ಟು ಬಿತ್ತನೆ ಬೀಜವನ್ನು ಅದುವರೆಗೆ ಜಗತ್ತಿನಲ್ಲಿ ಯಾವ ದೇಶವೂ ಒಂದೇ ಸಲ ತರಿಸಿರಲಿಲ್ಲ. ವಿದೇಶಿ ವಿನಿಮಯ ಎಲ್ಲಿದೆ ಎಂದು ಹಣಕಾಸು ಇಲಾಖೆ ಕೇಳಿತು. ಅಮೆರಿಕದ ಕೈಗೆ ಜುಟ್ಟು ಕೊಡುತ್ತೀರಿ ಎಂದು ಎಡಪಕ್ಷದವರು ಬೈದರು. ಪರದೇಶದ ಬೀಜದ ಜೊತೆ ರೋಗವೂ ಬಂದೀತು ಎಂದು ಕೆಲವರು ಹೆದರಿಸಿದರು. ಸುಬ್ರಹ್ಮಣ್ಯಂ ದಿಲ್ಲಿಯಲ್ಲಿ ತಮ್ಮ ಸರ್ಕಾರಿ ಬಂಗಲೆಯ ಹುಲ್ಲುಹಾಸು ಕಿತ್ತು ಅದೇ ಗೋಧಿ ಬಿತ್ತಿದರು. ಬಂದವರೆಲ್ಲ ಮಂತ್ರಿಯ ಅಂಗಳದಲ್ಲಿ ಪೈರು ನಿಂತದ್ದನ್ನು ಕಣ್ಣಾರೆ ನೋಡಿಹೋದರು. ಇದರ ಜೊತೆಗೇ ಬೇರೆ ವ್ಯವಸ್ಥೆಗಳೂ ನಡೆದಿದ್ದವು. 1965ರ ಜನವರಿಯಲ್ಲಿ ಭಾರತೀಯ ಆಹಾರ ನಿಗಮ ಹುಟ್ಟಿತು, ಬೆಳೆಗೆ ಬೆಲೆ ಹೇಳುವ ಕೃಷಿ ಬೆಲೆ ಆಯೋಗ ಬಂತು. ಕೃಷಿ ಸಂಶೋಧನಾ ಪರಿಷತ್ತಿನ ತಲೆಯ ಮೇಲೆ ಮೊದಲ ಸಲ ಒಬ್ಬ ವಿಜ್ಞಾನಿಯನ್ನು, ಬಿ.ಪಿ. ಪಾಲ್ ಅವರನ್ನು, ಕೂರಿಸಿದರು. ಬೀಜ ತರುವುದು ಮಾತ್ರ ಸಾಲದು, ಬೆಳೆದವನಿಗೆ ಬೆಲೆ ಸಿಗಬೇಕು, ಕೊಂಡದ್ದನ್ನು ಇಡಲು ಉಗ್ರಾಣ ಬೇಕು ಎಂಬ ಲೆಕ್ಕ ಅವರಿಗಿತ್ತು.

ಆ ಗೋಧಿಯ ಕಾಳು ಕೆಂಪು. ಚಪಾತಿ ನಮ್ಮದರ ಹಾಗೆ ಬರುವುದಿಲ್ಲ ಎಂದು ಮನೆಮನೆಯಲ್ಲಿ ಗೊಣಗಿದರು. ನಮ್ಮ ವಿಜ್ಞಾನಿಗಳು ಆ ಗೊಣಗಾಟವನ್ನೂ ಕಿವಿಗೆ ಹಾಕಿಕೊಂಡು ಕಲ್ಯಾಣ್ ಸೋನಾ, ಸೋನಾಲಿಕಾ ಎಂಬ ಹೊಂಬಣ್ಣದ ತಳಿಗಳನ್ನು ತೆಗೆದರು. 1964-65ರಲ್ಲಿ ದೇಶದ ಗೋಧಿ ಸುಮಾರು 1.2 ಕೋಟಿ ಟನ್ ಇತ್ತು. ನಡುವೆ ಎರಡು ವರ್ಷ ಬರ ಬಂದು ಹೋದರೂ 1967-68ರಲ್ಲಿ ಅದು ಸುಮಾರು 1.65 ಕೋಟಿ ಟನ್ನಿಗೆ ಏರಿತು. ಪಂಜಾಬಿನಲ್ಲಿ ಕಾಳು ಇಡಲು ಜಾಗ ಸಾಲದೆ ಶಾಲೆಗಳಲ್ಲೂ ತುಂಬಿದರು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಇವರಿಗೆ ಆತುರ ಪಡಲು ಕಾರಣ ಬೇಕಾದಷ್ಟಿತ್ತು. ಆದರೂ ಮೆಟ್ಟಿಲು ಬಿಟ್ಟು ಹಾರಲಿಲ್ಲ.

ನಾಲ್ಕನೆಯ ಮಾತು. ಬೇಡ ಎನ್ನುವವರನ್ನು ನಾಯಕರು ಹೇಗೆ ನಡೆಸಿಕೊಳ್ಳುತ್ತಾರೆ, ನೋಡಿ. ನಮ್ಮ ಗೋಧಿಯ ಈ ಕಥೆಗೆ ಸ್ವಲ್ಪ ಮೊದಲು ಚೀನಾದಲ್ಲೂ ಒಬ್ಬ ನಾಯಕರು ಅನ್ನದ ವಿಷಯದಲ್ಲಿ ದೊಡ್ಡ ಸಾಹಸಕ್ಕೆ ಕೈ ಹಾಕಿದ್ದರು. 1958ರಲ್ಲಿ ಮಾವೊ ‘ಮಹಾ ಜಿಗಿತ’ ಎಂದು ಸಾರಿದರು. ಉಕ್ಕು ಬೇಕು ಎಂದು ಹಿತ್ತಲಲ್ಲಿ ಕುಲುಮೆ ಹಾಕಿಸಿ ಮನೆಯ ಬಾಣಲೆ, ಪಾತ್ರೆ, ಬಾಗಿಲ ಚಿಲಕಗಳನ್ನೂ ಕರಗಿಸಿದರು. ಬಂದದ್ದು ಯಾವ ಕೆಲಸಕ್ಕೂ ಬಾರದ ಕಬ್ಬಿಣ. ಗುಬ್ಬಿಗಳು ಕಾಳು ತಿನ್ನುತ್ತವೆ ಎಂದು ತಮಟೆ, ತಟ್ಟೆ ಬಡಿದು, ಅವು ಕೂರಲು ಜಾಗವಿಲ್ಲದೆ ಸುಸ್ತಾಗಿ ಬೀಳುವ ತನಕ ಓಡಿಸಿ ಕೊಂದರು. ಗುಬ್ಬಿ ಹೋದ ಮೇಲೆ ಹುಳು ಹೆಚ್ಚಿತು. ಕೆಳಗಿನವರು ಹೆದರಿ ಬೆಳೆಯ ಸುಳ್ಳು ಲೆಕ್ಕ ಮೇಲಕ್ಕೆ ಕಳಿಸಿದರು, ಆ ಸುಳ್ಳು ಲೆಕ್ಕದ ಪ್ರಕಾರ ಸರ್ಕಾರ ಕಾಳು ಎತ್ತಿಕೊಂಡು ಹೋಯಿತು. 1959ರಲ್ಲಿ ರಕ್ಷಣಾ ಮಂತ್ರಿ ಪೆಂಗ್ ದೆಹ್ವಾಯಿ, ಹಳ್ಳಿಗಳಲ್ಲಿ ಕಂಡದ್ದನ್ನು ಮಾವೊಗೆ ಪತ್ರದಲ್ಲಿ ಬರೆದರು. ಅವರನ್ನೇ ಪದವಿಯಿಂದ ಕಿತ್ತುಹಾಕಿದರು. ಅಲ್ಲಿಗೆ ಉಳಿದವರ ಬಾಯಿ ಕಟ್ಟಿತು. ಕ್ಷಾಮದಲ್ಲಿ ಸತ್ತವರ ಲೆಕ್ಕ ಕೋಟಿಗಳಲ್ಲಿದೆ. ಸಾಹಸ ದೊಡ್ಡದೇ, ಕನಸೂ ದೊಡ್ಡದೇ. ಆದರೆ ಅಪಾಯ ಅಷ್ಟೂ ಹಳ್ಳಿಯ ಬಡವರ ತಟ್ಟೆಯ ಮೇಲೆ ಬಿತ್ತು, ತಪ್ಪು ಎಂದು ಹೇಳುವವರಿಗೆ ಜಾಗವಿರಲಿಲ್ಲ.

ಇದರ ಪಕ್ಕದಲ್ಲಿ ಗಾಂಧೀಜಿಯ ಉಪ್ಪಿನ ಸತ್ಯಾಗ್ರಹ ಇಟ್ಟು ನೋಡಿ. ಉಪ್ಪಿಗಾಗಿ ಚಳವಳಿಯೇ ಎಂದು ಅವರ ಹತ್ತಿರದವರೇ ಮೂಗು ಮುರಿದರು. ಗಾಂಧೀಜಿ ಯಾರ ಬಾಯನ್ನೂ ಮುಚ್ಚಿಸಲಿಲ್ಲ. 1930ರ ಮಾರ್ಚ್ 2ರಂದು ವೈಸ್‌ರಾಯ್ ಇರ್ವಿನ್‌ಗೆ ಪತ್ರ ಬರೆದು, ಕಾನೂನು ಮುರಿಯುತ್ತೇನೆ ಎಂದು ಮೊದಲೇ ತಿಳಿಸಿದರು. ಮಾರ್ಚ್ 12ಕ್ಕೆ 78 ಜನರೊಂದಿಗೆ ಸಾಬರಮತಿಯಿಂದ ಹೊರಟು ಸುಮಾರು 385 ಕಿಲೋಮೀಟರ್ ನಡೆದು ದಂಡಿ ಮುಟ್ಟಿ, ಏಪ್ರಿಲ್ 6ರಂದು ಉಪ್ಪು ಎತ್ತಿದರು. ವಯಸ್ಸು ಅರವತ್ತು ದಾಟಿತ್ತು. ಮೊದಲ ಪೆಟ್ಟು ಬಿದ್ದರೆ ತನಗೆ ಬೀಳಲಿ ಎಂದು ಮುಂದೆ ನಡೆದರು. ಆ ತಂಡದಲ್ಲಿ ನಮ್ಮ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಎಂಬ ಹುಡುಗನೂ ಇದ್ದ. 1943ರಲ್ಲಿ ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಮೈಲಾರ ಮಹಾದೇವ ಇವರೇ. ಆ ನಡಿಗೆಯಲ್ಲಿ ಹೆಂಗಸರಿಗೆ ಜಾಗ ಇರಲಿಲ್ಲ. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಇದು ಸರಿಯಲ್ಲ ಎಂದು ಗಾಂಧೀಜಿಯ ಮುಖಕ್ಕೇ ಹೇಳಿದರು. ಅವರು ಕೇಳಿ ಒಪ್ಪಿಕೊಂಡರು. ಮುಂದೆ ಸಾವಿರಾರು ಹೆಂಗಸರು ಬೀದಿಗೆ ಇಳಿದು ಉಪ್ಪು ಮಾಡಿ ಮಾರಿದರು. ಎದುರು ಮಾತಾಡಿದವರನ್ನು ಶತ್ರು ಎನ್ನದೆ ಕಿವಿ ಕೊಡುವುದಕ್ಕೂ ಗಟ್ಟಿ ಎದೆ ಬೇಕು.

ಐದನೆಯ ಮಾತು. ಹಿಂದೆ ಸರಿದವರನ್ನೆಲ್ಲ ಹೇಡಿ ಎನ್ನಬೇಡಿ. ಈ ಕೆಟ್ಟ ಅಭ್ಯಾಸ ನಿಮಗೆ ಬಹಳ ಇದೆ. ಸರ್ಕಾರ ಒಂದು ನಿರ್ಧಾರ ತಿದ್ದಿಕೊಂಡರೆ ಸಾಕು, ‘ಯೂ ಟರ್ನ್’ ಎಂದು ನಗುತ್ತೀರಿ. ಹಾಗೆ ನಕ್ಕೂ ನಕ್ಕೂ ತಪ್ಪು ತಿದ್ದಿಕೊಳ್ಳುವ ಧೈರ್ಯವನ್ನೇ ನಾಯಕರಿಂದ ಕಿತ್ತುಕೊಂಡಿದ್ದೇವೆ. 1922ರ ಫೆಬ್ರವರಿಯಲ್ಲಿ ಅಸಹಕಾರ ಚಳವಳಿ ಕಾವೇರಿತ್ತು. ಆಗ ಗೋರಖಪುರದ ಹತ್ತಿರ ಚೌರಿ ಚೌರಾದಲ್ಲಿ ಗುಂಪು ಠಾಣೆಗೆ ಬೆಂಕಿ ಇಟ್ಟು 22 ಪೊಲೀಸರು ಸತ್ತರು. ಗಾಂಧೀಜಿ ಇಡೀ ಚಳವಳಿಯನ್ನೇ ನಿಲ್ಲಿಸಿದರು. ಜೈಲಿನಲ್ಲಿದ್ದ ನೆಹರೂ ಸಿಟ್ಟಾದರು, ಲಾಲಾ ಲಜಪತ ರಾಯ್ ನೊಂದುಕೊಂಡರು, ಗೆಲ್ಲುವ ಹೊತ್ತಿಗೆ ಕೈಬಿಟ್ಟರು ಎಂದು ಊರೆಲ್ಲ ಮಾತಾಡಿತು. ಮರು ತಿಂಗಳೇ ಸರ್ಕಾರ ಅವರನ್ನು ಹಿಡಿದು ಆರು ವರ್ಷ ಶಿಕ್ಷೆ ಕೊಟ್ಟಿತು. ಆ ತೀರ್ಮಾನ ಸರಿಯೋ ತಪ್ಪೋ ಎಂದು ಇವತ್ತಿಗೂ ವಾದ ಮಾಡುವವರಿದ್ದಾರೆ, ಮಾಡಲಿ. ಆದರೆ ಓಡುತ್ತಿರುವ ಜನಸಾಗರದ ಮುಂದೆ ಕೈ ಅಡ್ಡ ಹಿಡಿದು ಸಾಕು, ನಿಲ್ಲಿ ಎನ್ನುವುದು ಹೇಡಿಗೆ ಆಗುವ ಕೆಲಸವಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಆರನೆಯ ಮಾತು. ಧೈರ್ಯ ಇದ್ದವರಿಗೆ ಭಯ ಇರುವುದಿಲ್ಲ ಎಂದು ತಿಳಿಯಬೇಡಿ. 1991ರ ಬೇಸಿಗೆ ನೆನಪಿರುವವರು ನಿಮ್ಮ ಮನೆಯಲ್ಲೇ ಇರುತ್ತಾರೆ, ಕೇಳಿ ನೋಡಿ. ದೇಶದ ಬಳಿ ಇದ್ದ ವಿದೇಶಿ ವಿನಿಮಯ ಎರಡು ಮೂರು ವಾರದ ಆಮದಿಗಷ್ಟೇ ಸಾಕಾಗುವಷ್ಟಿತ್ತು. ಜೂನ್ 21ರಂದು ಪಿ.ವಿ. ನರಸಿಂಹ ರಾವ್ ಪ್ರಧಾನಿಯಾದರು. ಸಂಸತ್ತಿನಲ್ಲಿ ಬಹುಮತ ಇರಲಿಲ್ಲ. ರಾಜಕೀಯದವರಲ್ಲದ ಮನಮೋಹನ್ ಸಿಂಗ್ ಅವರನ್ನು ಕರೆತಂದು ಹಣಕಾಸು ಖಾತೆ ಕೊಟ್ಟರು. ಜುಲೈ 1ರಂದು ರೂಪಾಯಿಯ ಬೆಲೆ ಇಳಿಸಿದರು. ಎರಡನೆಯ ಸಲ ಇಳಿಸುವುದು ಜುಲೈ 3ಕ್ಕೆ ಎಂದು ಗೊತ್ತಾಗಿತ್ತು. ಅಷ್ಟರಲ್ಲಿ ಸುತ್ತಲಿಂದ ಬೈಗುಳ ಶುರುವಾಗಿ ಪ್ರಧಾನಿಗೆ ಅಳುಕು ಬಂತು, ಎರಡನೆಯದನ್ನು ನಿಲ್ಲಿಸಿ ಎಂದರು. ಮನಮೋಹನ್ ಸಿಂಗ್ ರಿಸರ್ವ್ ಬ್ಯಾಂಕಿನ ಡೆಪ್ಯುಟಿ ಗವರ್ನರ್ ಸಿ. ರಂಗರಾಜನ್ ಅವರಿಗೆ ಫೋನು ಮಾಡುವ ಹೊತ್ತಿಗೆ ಪ್ರಕಟಣೆ ಆಗಿಹೋಗಿತ್ತು. ಅದೇ ತಿಂಗಳು ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರದೇಶಕ್ಕೆ ಸಾಗಿಸಿ ಒತ್ತೆ ಇಟ್ಟಿತು. ಒಡವೆ ಒತ್ತೆ ಇಟ್ಟರೆ ಮಾನ ಹೋಯಿತು ಎಂದು ನಂಬುವ ನಾಡಿನಲ್ಲಿ ಇದನ್ನು ಜನರ ಮುಂದೆ ಒಪ್ಪಿಕೊಳ್ಳುವುದು ಸಣ್ಣ ಮಾತಲ್ಲ. ಜುಲೈ 24ರಂದು ಮಧ್ಯಾಹ್ನ ಹೊಸ ಕೈಗಾರಿಕಾ ನೀತಿ, ಸಂಜೆ ಬಜೆಟ್. ದಶಕಗಳ ಲೈಸೆನ್ಸ್ ಪದ್ಧತಿಯ ಬಹುಪಾಲು ಆ ಒಂದು ದಿನದಲ್ಲಿ ಹೋಯಿತು. ಕೈಗಾರಿಕಾ ಖಾತೆಯನ್ನು ರಾವ್ ತಮ್ಮ ಬಳಿಯೇ ಇಟ್ಟುಕೊಂಡಿದ್ದರು, ಎಡವಿದ್ದರೆ ದೂರು ಬರುತ್ತಿದ್ದದ್ದು ಅವರ ಮೇಲೆಯೇ. ಭಯ ಅವರಿಗೂ ಇತ್ತು. ಭಯವಿದ್ದವರೇ ಹಿಂದೆ ಮುಂದೆ ನೋಡುತ್ತಾರೆ, ಇನ್ನೊಬ್ಬರನ್ನು ಕೇಳುತ್ತಾರೆ. ನನಗೆ ಯಾವ ಭಯವೂ ಇಲ್ಲ ಎಂದು ಎದೆ ತಟ್ಟಿಕೊಳ್ಳುವವರ ಕೈಗೆ ದೇಶದ ಬೀಗದಕೈ ಕೊಡುವ ಮೊದಲು ಎರಡು ಸಲ ಯೋಚನೆ ಮಾಡಿ.

ಏಳನೆಯ ಮಾತು. ಜನರನ್ನು ನಂಬುವುದೂ ಒಂದು ದೊಡ್ಡ ಅಪಾಯವೇ, ಅದನ್ನು ತೆಗೆದುಕೊಂಡವರನ್ನು ಮರೆಯಬೇಡಿ. ಸ್ವಾತಂತ್ರ್ಯ ಬಂದಾಗ ಓದು ಬರಹ ಬಲ್ಲವರು ಆರಕ್ಕೆ ಒಬ್ಬರೂ ಕಷ್ಟ. ಆದರೂ ನೆಹರೂ, ಅಂಬೇಡ್ಕರ್ ಮತ್ತು ಸಂವಿಧಾನ ಸಭೆಯವರು 21 ತುಂಬಿದ ಎಲ್ಲರಿಗೂ ಮತ ಎಂದರು. ಹಣ ಇದ್ದವರಿಗೆ, ಓದಿದವರಿಗೆ ಮೊದಲು ಕೊಡೋಣ, ಮಿಕ್ಕವರಿಗೆ ಆಮೇಲೆ ನೋಡೋಣ ಎನ್ನಲಿಲ್ಲ. 1951-52ರ ಮೊದಲ ಮಹಾಚುನಾವಣೆ ನಡೆಸಿದ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಮುಂದೆ 17 ಕೋಟಿಗೂ ಹೆಚ್ಚು ಮತದಾರರಿದ್ದರು. ಅಕ್ಷರ ಬಾರದವರಿಗಾಗಿ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಮತದಾರರ ಪಟ್ಟಿಗೆ ಹೆಸರು ಬರೆಯಲು ಹೋದವರಿಗೆ ಎಷ್ಟೋ ಹೆಂಗಸರು ತಮ್ಮ ಹೆಸರೇ ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಹೇಳಿದರು. ಸೇನ್ ಅದನ್ನು ಒಪ್ಪಲಿಲ್ಲ. ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗೆ ಉಳಿದರು. ಅದು ಕಠಿಣ ತೀರ್ಮಾನವೇ. ಆದರೆ ಮುಂದಿನ ಚುನಾವಣೆಗಳಲ್ಲಿ ಹೆಂಗಸರು ತಮ್ಮ ಹೆಸರಿನಲ್ಲೇ ಬಂದು ಮತ ಹಾಕಿದರು. ಅಷ್ಟು ಕಷ್ಟಪಟ್ಟು ಕೈಗೆ ಕೊಟ್ಟ ಮತವನ್ನು ನೀವು ರಜೆ ಸಿಕ್ಕಿತು ಎಂದು ಮಡಿಕೇರಿ, ಚಿಕ್ಕಮಗಳೂರಿಗೆ ಹೋಗಿ ಕಳೆಯುತ್ತೀರಲ್ಲ, ನಿಮಗೆ ಹೇಳುವವರು ಯಾರು? ಬೆಳಿಗ್ಗೆ ಮತ ಹಾಕಿ, ಆಮೇಲೆ ಎಲ್ಲಿಗಾದರೂ ಹೋಗಿ.

ಎಂಟನೆಯ ಮಾತು. ಫಲವನ್ನು ನೋಡಿ ಮಾತ್ರ ಧೈರ್ಯಕ್ಕೆ ಬೆಲೆ ಕಟ್ಟಬೇಡಿ. ಬಿತ್ತಿದವರೇ ಉಣ್ಣುತ್ತಾರೆ ಎಂಬ ಖಾತರಿ ಇಲ್ಲ. ಹೆಣ್ಣುಮಕ್ಕಳಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡುವ ಹಿಂದೂ ಸಂಹಿತೆ ಮಸೂದೆ ಸಂಸತ್ತಿನಲ್ಲಿ ಮುಂದಕ್ಕೆ ಹೋಗದೆ ನಿಂತಾಗ, ಅಂಬೇಡ್ಕರ್ 1951ರ ಸೆಪ್ಟೆಂಬರಿನಲ್ಲಿ ಮಂತ್ರಿ ಪದವಿ ಬಿಟ್ಟು ಹೊರಬಂದರು. ಮುಂದಿನ ಚುನಾವಣೆಯಲ್ಲಿ ಮುಂಬಯಿಯಲ್ಲಿ ಸೋತರು. ಆ ಮಸೂದೆಯ ಭಾಗಗಳು 1955 ಮತ್ತು 56ರಲ್ಲಿ ಬೇರೆ ಬೇರೆ ಕಾನೂನಾಗಿ ಬಂದವು. ನಮ್ಮ ಕರ್ನಾಟಕ 1994ರಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಪಾಲು ಎಂದಿತು, 2005ರಲ್ಲಿ ದೇಶಕ್ಕೆಲ್ಲ ಅದು ಕಾನೂನಾಯಿತು. ಇವತ್ತು ಪಾಲುಪತ್ರಕ್ಕೆ ಸಹಿ ಹಾಕುವ ಹೆಣ್ಣುಮಗಳ ಹಿಂದೆ ಅಂದು ಕುರ್ಚಿ ಬಿಟ್ಟವರೊಬ್ಬರು ಇದ್ದಾರೆ. ಸುಬ್ರಹ್ಮಣ್ಯಂ ಅವರ ಕಥೆಯೂ ಹಾಗೆಯೇ. ಅವರ ಗೋಧಿ ಕಣಜ ತುಂಬುವ ಮೊದಲೇ, 1967ರಲ್ಲಿ, ಗೋಬಿಚೆಟ್ಟಿಪಾಳಯಂನಲ್ಲಿ ಅವರು ಚುನಾವಣೆ ಸೋತಿದ್ದರು. ಸುಗ್ಗಿಯ ಹೊತ್ತಿಗೆ ಮಂತ್ರಿಯಾಗಿ ಅವರಿರಲಿಲ್ಲ. ಭಾರತರತ್ನ ಬಂದದ್ದು 1998ರಲ್ಲಿ. ಐದು ವರ್ಷದೊಳಗೆ ಎಲ್ಲ ಕಣ್ಣಿಗೆ ಕಾಣಬೇಕು ಎಂದು ನೀವು ಹಟ ಹಿಡಿದರೆ, ನಾಯಕರು ಇಪ್ಪತ್ತು ವರ್ಷದ ಕೆಲಸಕ್ಕೆ ಕೈ ಹಾಕುವುದಾದರೂ ಹೇಗೆ? ಕಮಾನು, ಪ್ರತಿಮೆ, ಶಂಕುಸ್ಥಾಪನೆಯ ಕಲ್ಲು ಇವುಗಳಲ್ಲೇ ನಿಮ್ಮನ್ನು ಸಮಾಧಾನ ಮಾಡಿ ಕಳಿಸುತ್ತಾರೆ.

ಒಂಬತ್ತನೆಯ ಮಾತು. ಶತ್ರುವಿನ ಜೊತೆ ಮಾತಿಗೆ ಕೂತವರನ್ನು ದ್ರೋಹಿ ಎಂದು ಕರೆಯುವ ಮೊದಲು ನಾಲಿಗೆ ಹಿಡಿದುಕೊಳ್ಳಿ. ದಕ್ಷಿಣ ಆಫ್ರಿಕದ ನೆಲ್ಸನ್ ಮಂಡೇಲಾ 1985ರಲ್ಲಿ, ಜೈಲಿನಲ್ಲಿದ್ದಾಗ, ಷರತ್ತಿನ ಬಿಡುಗಡೆಯನ್ನು ಬೇಡ ಎಂದರು. ಹೋರಾಟದಲ್ಲಿ ಹಿಂಸೆ ಬಿಡುತ್ತೇನೆ ಎಂದು ಬರೆದುಕೊಟ್ಟರೆ ಮನೆಗೆ ಹೋಗಬಹುದಿತ್ತು. ಅವರ ಉತ್ತರವನ್ನು ಮಗಳು ಜಿಂಜಿ ಸೊವೆಟೊದ ಮೈದಾನದಲ್ಲಿ ಜನರ ಮುಂದೆ ಓದಿದಳು. ಅದೇ ಮಂಡೇಲಾ ಅವರನ್ನು, ಆ ವರ್ಷದ ಕೊನೆಗೆ ಆಸ್ಪತ್ರೆಯಿಂದ ಜೈಲಿಗೆ ಮರಳಿದಾಗ, ಸಂಗಾತಿಗಳಿಂದ ಬೇರೆ ಕೋಣೆಯಲ್ಲಿ ಇಟ್ಟರು. ಆ ಒಂಟಿತನವನ್ನೇ ಬಳಸಿಕೊಂಡು ಅವರು ಸರ್ಕಾರದ ಜೊತೆ ಮಾತು ಶುರು ಮಾಡಿದರು. ಮೊದಲು ತನ್ನವರಿಗೂ ಹೇಳಲಿಲ್ಲ. ಕೆಟ್ಟರೆ ಮುದುಕ ಒಬ್ಬನೇ ದಾರಿ ತಪ್ಪಿದ ಎಂದಾಗಲಿ, ಸಂಘಟನೆಗೆ ಕಳಂಕ ಬೇಡ ಎಂಬ ಲೆಕ್ಕ. 27 ವರ್ಷದ ಸೆರೆ ಮುಗಿಸಿ 1990ರ ಫೆಬ್ರವರಿ 11ರಂದು ಹೊರಬಂದರು, 1994ರಲ್ಲಿ ಅಧ್ಯಕ್ಷರಾದರು, ಒಂದೇ ಅವಧಿ ಮುಗಿಸಿ 1999ರಲ್ಲಿ ಮನೆಗೆ ಹೋದರು. ಬೇಡ ಎನ್ನುವ ಧೈರ್ಯ, ಮಾತಾಡುವ ಧೈರ್ಯ, ಬಿಟ್ಟು ಹೋಗುವ ಧೈರ್ಯ ಮೂರೂ ಒಬ್ಬರಲ್ಲೇ ಇದ್ದವು. ಮೂರನೆಯದು ಎಲ್ಲಕ್ಕಿಂತ ಅಪರೂಪ. ಕುರ್ಚಿಗೆ ಅಂಟಿಕೊಂಡವರನ್ನು ಗಟ್ಟಿಗರು ಎಂದು ಹೊಗಳುವ ಚಟವನ್ನೂ ಬಿಡಿ.

ಹತ್ತನೆಯ ಮಾತು. ದಿಟ್ಟ ಹೆಜ್ಜೆ ಗೆದ್ದ ಮೇಲೂ ಅದರ ಮೇಲೆ ಕಣ್ಣಿಡಿ. ಸುಬ್ರಹ್ಮಣ್ಯಂ ಅವರ ಆ ಗೋಧಿಯಿಂದ ಶುರುವಾದ ಹಸಿರು ಕ್ರಾಂತಿ ದೇಶದ ಹೊಟ್ಟೆ ತುಂಬಿಸಿತು, ಸುಳ್ಳಲ್ಲ. ಆದರೆ ಪಂಜಾಬಿನಲ್ಲಿ ಇವತ್ತು ಬೋರ್‌ವೆಲ್ ಕೊರೆದಷ್ಟೂ ನೀರು ಆಳಕ್ಕೆ ಇಳಿಯುತ್ತಿದೆ, ಗೊಬ್ಬರ, ಕೀಟನಾಶಕಕ್ಕೆ ಮಣ್ಣು ಸೋತಿದೆ. ಅಂದು ಉಳಿಸಿದ ದಾರಿಯೇ ಇಂದಿಗೂ ಸಾಕು ಎಂದು ಕೂರುವಂತಿಲ್ಲ. ಅಂದು ಬೀಜ ತಂದವರಿಗೆ ಎಷ್ಟು ಧೈರ್ಯ ಬೇಕಿತ್ತೋ, ಇಂದು ಬೆಳೆ ಬದಲಿಸೋಣ ಎನ್ನುವವರಿಗೂ ಅಷ್ಟೇ ಬೇಕು. ಅವರು ಹಾಗೆಂದಾಗ ರೈತವಿರೋಧಿ ಎಂದು ಒಂದೇ ಮಾತಿಗೆ ಬಾಯಿ ಮುಚ್ಚಿಸಬೇಡಿ. ರೈತರ ನಷ್ಟವನ್ನು ಯಾರು ತುಂಬುತ್ತಾರೆ ಎಂದು ಕೇಳಿ. ಲೆಕ್ಕ ಕೊಟ್ಟರೆ ಜೊತೆಗೆ ನಿಲ್ಲಿ.

ಇನ್ನು ನಿಮ್ಮಲ್ಲೇ ನಾಯಕರಾಗಲು ಹೊರಟವರಿಗೆ ಒಂದೆರಡು ಮಾತು. ಗ್ರಾಮ ಪಂಚಾಯಿತಿಗೆ ನಿಲ್ಲುವವರು, ಕಾಲೇಜು ಸಂಘದಲ್ಲಿ ಇರುವವರು, ನೀವೂ ಕೇಳಿ. ಆಳಾಗಬಲ್ಲವನು ಅರಸಾಗಬಲ್ಲ. ನಾಳೆ ದೇಶ ನಡೆಸುವ ಧೈರ್ಯ ಇವತ್ತು ಸಣ್ಣ ಜಾಗದಲ್ಲೇ ಬೆಳೆಯಬೇಕು. ಊರ ಸಭೆಯಲ್ಲಿ ನಿಮ್ಮವರೇ ತಪ್ಪು ಮಾಡಿದಾಗ ಎದ್ದು ನಿಂತು ತಪ್ಪು ಎನ್ನಿ. ಕೆರೆ ಒತ್ತುವರಿ ಮಾಡಿದವರು ನಿಮ್ಮ ನೆಂಟರಾದರೂ ಹೆಸರು ಹೇಳಿ. ದೊಡ್ಡ ಯೋಜನೆ ಹೊಳೆದರೆ ಮೊದಲು ಚಿಕ್ಕದಾಗಿ ಮಾಡಿ ನೋಡಿ, ಕೆಟ್ಟರೆ ಯಾರಿಗೆ ಎಷ್ಟು ನಷ್ಟ ಎಂದು ಕಾಗದದ ಮೇಲೆ ಬರೆಯಿರಿ, ಆ ಪಟ್ಟಿಯಲ್ಲಿ ನಿಮ್ಮ ಹೆಸರು ಮೊದಲು ಬರುವ ಹಾಗೆ ನೋಡಿಕೊಳ್ಳಿ. ಜೊತೆಯವರಲ್ಲಿ ಬೇಡ ಎನ್ನುವ ಒಬ್ಬರನ್ನಾದರೂ ಹತ್ತಿರ ಇಟ್ಟುಕೊಳ್ಳಿ. ಗೆದ್ದರೆ ಹತ್ತು ಜನದ ಹೆಸರು ಹೇಳಿ, ಸೋತರೆ ನಿಮ್ಮದೊಂದೇ ಹೆಸರು ಹೇಳಿ. ಹುಡುಗರನ್ನು ಮುಂದೆ ಬಿಟ್ಟು ಕಲ್ಲು ಹೊಡೆಸಿ, ತಾನು ಕಾರಿನಲ್ಲಿ ಮನೆ ಸೇರುವ ಕೆಲಸವನ್ನು ಮಾತ್ರ ಯಾವತ್ತೂ ಮಾಡಬೇಡಿ.

ಮಿಕ್ಕವರು ಮುಂದಿನ ಚುನಾವಣೆಯೊಳಗೆ ಇಷ್ಟು ಮಾಡಿ. ನಿಮ್ಮ ಅಭ್ಯರ್ಥಿ ಹಿಂದೆ ತೆಗೆದುಕೊಂಡ ಒಂದು ಕಷ್ಟದ ತೀರ್ಮಾನ ಯಾವುದು ಎಂದು ವಿಚಾರಿಸಿ. ಅದಕ್ಕೆ ಮೊದಲು ಯಾರನ್ನು ಕೇಳಿದರು, ಏನು ಸಿದ್ಧತೆ ಮಾಡಿದರು, ಕೆಟ್ಟಾಗ ಹೊಣೆ ಹೊತ್ತರೋ ಇನ್ನೊಬ್ಬರ ಮೇಲೆ ಹಾಕಿದರೋ ತಿಳಿದುಕೊಳ್ಳಿ. ಸದನದಲ್ಲಿ ಎಷ್ಟು ದಿನ ಇದ್ದರು, ಏನು ಪ್ರಶ್ನೆ ಕೇಳಿದರು ಎಂಬುದು ಈಗ ಮೊಬೈಲಿನಲ್ಲೇ ಸಿಗುತ್ತದೆ. ಬೈಗುಳದ ವಿಡಿಯೊ ನೋಡುವ ಹೊತ್ತಿನಲ್ಲಿ ಅರ್ಧ ಸಾಕು. ಮತ ಕೇಳಲು ಮನೆ ಬಾಗಿಲಿಗೆ ಬಂದಾಗ ಹಾರ ಹಾಕಿ ಸೆಲ್ಫಿ ತೆಗೆದುಕೊಂಡು ಕಳಿಸಬೇಡಿ, ಕೂರಿಸಿ, ನೀರು ಕೊಡಿ, ಆಮೇಲೆ ಕೇಳಿ: “ನೀವು ಹೇಳುವ ಈ ದೊಡ್ಡ ಕೆಲಸ ಕೆಟ್ಟರೆ ನಮಗೇನಾಗುತ್ತದೆ, ನಿಮಗೇನಾಗುತ್ತದೆ?” ಉತ್ತರ ಕೊಡಲು ತಡವರಿಸಿದರೂ ಪರವಾಗಿಲ್ಲ, ಯೋಚನೆ ಮಾಡುತ್ತಿದ್ದಾರೆ ಎಂದು ತಿಳಿಯಿರಿ. ಸಿಟ್ಟಾದರೆ ನಿಮ್ಮ ಮತ ಬೇರೆ ಕಡೆ ಇಡಿ. ಇಷ್ಟು ಕೇಳುವುದಕ್ಕೆ ನಿಮಗೂ ಸ್ವಲ್ಪ ಧೈರ್ಯ ಬೇಕಾಗುತ್ತದೆ. ಅದು ನಿಮ್ಮಲ್ಲಿದೆ, ನನಗೆ ಗೊತ್ತು. ಉದಾಸೀನ ಬಿಟ್ಟು ಈ ಸಲದಿಂದಲೇ ಶುರು ಮಾಡಿ.